‘ಬಂದ್’ ಎಂದು ಬರೆದ ಪುಟ

ಅಂಕಲಿ
18 ಸೆಪ್ಟೆಂಬರ್ 2024

ಬರೆದವರಿಗೆ ಕಾಣುವ ಪುಟ ಒಂದು, ಬಂದು ನೋಡುವವರಿಗೆ ಕಾಣುವುದು ಇನ್ನೊಂದು ಎಂಬಂಥ ಮಾತು, ಅಥವಾ ಅದರ ಆಸುಪಾಸಿನ ಏನೋ ಒಂದು, ನೀವು ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅಂದಿದ್ದಿರಿ ವಿಕ್ರಾಂತ ಸರ್. ನಾನಾಗ ಯಾರದೋ ಆಧಾರ್ ಪ್ರಿಂಟ್ ತೆಗೆಯುತ್ತಿದ್ದೆ. ಮಾತಿನ ಹಿಂದುಮುಂದು ನೆನಪಿಲ್ಲ. ಅದು ಪೂರ್ತಿ ಏನಿತ್ತು ಎಂದು ಬರೆದು ತಿಳಿಸಬೇಕು.

ನಡೆದದ್ದು ನಿಮಗೆ ಗೊತ್ತು. ಆದರೂ ಕಾಗದದ ಮೇಲೆ ಒಂದು ಸಲ ಇಡುತ್ತೇನೆ. ಫೋನಿನಲ್ಲಿ ನಾನು ಶುರು ಮಾಡಿದ ಕೂಡಲೇ ನಿಮಗೆ ನೆಟ್‌ವರ್ಕ್ ಸಿಗುವುದಿಲ್ಲ.

ಪ್ರತಿ ಮಳೆಗಾಲದಂತೆ ಈ ಸಲವೂ, ನೀವು ಕಟ್ಟಿಕೊಟ್ಟ ವೆಬ್‌ಸೈಟಿನಲ್ಲಿ ನದಿಯ ಯಾವ ತಗ್ಗು ಸೇತುವೆ ಚಾಲೂ, ಯಾವುದು ಬಂದ್ ಎಂದು ನಾನೇ ಬರೆಯುತ್ತಿದ್ದೆ. ಜುಲೈ ಕೊನೆಯ ಆ ಮಧ್ಯಾಹ್ನ ದೂಧಗಂಗೆ ಏರಿ, ಬೋರಗಾಂವ ಕಡೆಯಿಂದ ಬರುವ ಸೇತುವೆಗೆ ನೀರು ಹತ್ತಿತು. ಊರೂರಲ್ಲಿ ನೀರು ನೋಡಿ ತಿಳಿಸುವ ನಮ್ಮ ಬಳಗದವರು ಫೋನ್ ಮಾಡಿ ಹೇಳಿದರು. ನಾನು ‘ಚಾಲೂ’ ಅಳಿಸಿ ‘ಬಂದ್’ ಎಂದು ಬರೆದೆ. ನನ್ನ ಕಂಪ್ಯೂಟರಿನಲ್ಲಿ ‘ಬಂದ್’ ಎಂದೇ ಕಾಣುತ್ತಿತ್ತು. ಸಂಜೆ ನನ್ನ ತಮ್ಮ ವಸೀಮ ಬೋರಗಾಂವದ ಮಗ್ಗದ ಪಾಳಿ ಮುಗಿಸಿ ಫೋನ್ ತೆಗೆದು ನೋಡಿದ. ಅವನಿಗೆ ‘ಚಾಲೂ’ ಕಂಡಿತು. ಆ ದಂಡೆಯಲ್ಲಿ ರಸ್ತೆಗೆ ಇನ್ನೂ ಮುಳ್ಳುಕಂಟಿ ಅಡ್ಡ ಹಾಕಿರಲಿಲ್ಲ.

ಜೊತೆಗಿದ್ದವನು ಮಲಕಾರಿ, ಅದೇ ಮಗ್ಗದವನು. ವಸೀಮನ ಮಣ್ಣಿನ ದಿನ ನಮ್ಮ ಅಂಗಳದಲ್ಲಿ ಎಲ್ಲರ ಎದುರು ಅವನು ಹೇಳಿದ್ದು ಇಷ್ಟು:

“ನಾ ಅಂದೆ, ಲೇ ವಸೀಮ, ನೀರ ರಸ್ತೇಕ ಬಂದೈತಿ ನೋಡ್, ಸುತ್ತ ಹಾಕ್ಕೊಂಡ ಹೋಗೂಣು. ಅವಾ ನಕ್ಕ. ಪಾದ ತೋಯೂವಷ್ಟ ಐತೋ, ನಮ್ಮ ಆಪಾ ಚಾಲೂ ಅಂತ ಬರದಾಳ, ನೀ ಸುತ್ತ ಹಾಕ್ಕೊಂಡ ಬರೂದ್ರಾಗ ನಾ ಉಂಡ ಮಲಗಿರತೀನಿ ಅಂದ. ಗಾಡಿ ಹೊಡದಬಿಟ್ಟ.”

ಮಲಕಾರಿ ಅತ್ತುಕೊಂಡೇ ಹೇಳಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ.

ಅಬ್ಬಾ ನನ್ನನ್ನು ಬೈದಿಲ್ಲ. ಮನೆಯಲ್ಲಿ ನಮ್ಮದು ಉರ್ದು. ಗಾದಿ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತ್ರ ಅಬ್ಬಾ ಕನ್ನಡ ಆಡುವುದು. ಈಗ ನನ್ನ ಜೊತೆಗೂ ಕನ್ನಡ. ನೀರು ಕೊಟ್ಟರೆ “ಬ್ಯಾಡವಾ, ಅಲ್ಲೇ ಇಡು” ಅನ್ನುತ್ತಾರೆ. ಆಮೇಲೆ ಅಮ್ಮಿಯನ್ನು ಕರೆದು ಅವಳ ಕೈಯಿಂದ ಕುಡಿಯುತ್ತಾರೆ.

ನೀವು ಒಂದು ಸಲ ಬರಬೇಕು. ಬಂದು ಅಬ್ಬಾನ ಎದುರು ಒಂದೇ ಮಾತು ಹೇಳಬೇಕು: ಅವಳು ‘ಬಂದ್’ ಎಂದೇ ಬರೆದಿದ್ದಳು.

ನಿಮ್ಮ
ಮಸರತ


ರಾಯಬಾಗ
2 ಅಕ್ಟೋಬರ್ 2024

ಮಸರತ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಕೆಲವು ದಿನಗಳಾದವು. ಮೇಜಿನ ಮೇಲೆ ಇತ್ತು. ನಾನು ಅದರ ಸುತ್ತ ಬೇರೆ ಕೆಲಸಗಳನ್ನು ಮಾಡುತ್ತಿದ್ದೆ.

ಬಳಗದವರೂ ಬರೆದಿದ್ದಾರೆ. ಮುಂದಿನ ಮಳೆಗಾಲಕ್ಕೆ ನಿಮ್ಮ ಜೊತೆ ಹಾಲಸಿದ್ದ ಎಂಬ ಹುಡುಗನನ್ನು ಸೇರಿಸುತ್ತಾರಂತೆ, ಇಂಥ ಸೈಟನ್ನು ನಡೆಸುವಾಗ ತಿಳಿದಿರಬೇಕಾದ ಸಂಗತಿಗಳನ್ನು ಬರೆದುಕೊಡಿ ಎಂದಿದ್ದಾರೆ. ಎರಡಕ್ಕೂ ಸೇರಿ ಇದೇ ಉತ್ತರ ಎಂದುಕೊಳ್ಳಿ.

ಹಿಂದೊಮ್ಮೆ ನದಿ ಏರಿದಾಗ ಊರೂರಿನವರೆಲ್ಲ ಒಮ್ಮೆಲೇ ನೋಡಲು ಬಂದು ಸೈಟು ಕುಸಿದುಬಿದ್ದದ್ದು ನಿಮಗೆ ನೆನಪಿರಬಹುದು. ಆಮೇಲೆ ಪ್ಲಗಿನ್ ಎಂಬ ಒಂದು ಪುಟ್ಟ ಹೆಚ್ಚುವರಿ ತಂತ್ರಾಂಶ ಹಾಕಲಾಯಿತು. ಅದು ಜೆರಾಕ್ಸ್ ಅಂಗಡಿಯವನ ಹಾಗೆ. ಪುಟದ ಒಂದು ನಕಲು ತೆಗೆದಿಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಕೊಡುತ್ತದೆ. ಪ್ರತಿ ಸಲ ಮೂಲ ಕಾಗದ ಹುಡುಕುವ ತ್ರಾಸು ಇಲ್ಲ, ಹಾಗಾಗಿ ಎಷ್ಟು ಜನ ಬಂದರೂ ತಡೆಯುತ್ತದೆ. ಆ ನಕಲು ಎಷ್ಟು ಹೊತ್ತಿಗೊಮ್ಮೆ ಹೊಸದಾಗಬೇಕು ಎಂಬುದನ್ನು ಹೊಂದಿಸಬಹುದು. ನಮ್ಮಲ್ಲಿ ಅದು ದಿನಕ್ಕೊಮ್ಮೆ ಎಂದಿತ್ತು. ಲಾಗಿನ್ ಆಗಿ ಕೆಲಸ ಮಾಡುವವರಿಗೆ ಮಾತ್ರ ಮೂಲ ಪುಟ ಕಾಣುತ್ತದೆ. ನಿಮಗೆ ‘ಬಂದ್’ ಕಂಡಿತು. ಹೊರಗಿನವರಿಗೆ ಬೆಳಗಿನ ನಕಲು.

ಹಾಗಾಗಿ ಮೊದಲ ಸೂಚನೆ: ಏನನ್ನು ಬದಲಿಸಿದರೂ ಲಾಗೌಟ್ ಆಗಿ ನೋಡಬೇಕು. ಸಾಧ್ಯವಾದರೆ ಬೇರೆಯವರ ಫೋನಿನಲ್ಲಿ, ಗುರುತಿಲ್ಲದವನ ಹಾಗೆ. ನಾನು ಚಹಾ ಕುಡಿಯುತ್ತ ಅಂದದ್ದು ಇದೇ ಇರಬೇಕು. ಎರಡನೆಯದು: ಘಳಿಗೆ ಘಳಿಗೆಗೆ ಬದಲಾಗುವ ಪುಟವನ್ನು ಆ ಪ್ಲಗಿನ್ನಿನಿಂದ ಹೊರಗಿಡಬೇಕು. ಮತ್ತೆ, ಮಾಹಿತಿ ಯಾವ ಹೊತ್ತಿನದು ಎಂಬುದನ್ನು ಪುಟದ ಮೇಲೇ ದೊಡ್ಡ ಅಕ್ಷರದಲ್ಲಿ ಹಾಕಬೇಕು. ನೋಡುವವನು ಹಳೆಯದನ್ನು ಹಳೆಯದೆಂದು ಗುರುತಿಸುತ್ತಾನೆ.

ಸುದ್ದಿ ತಿಳಿದ ದಿನವೇ ನಾನು ಆ ಪ್ಲಗಿನ್ನನ್ನು ತೆಗೆದುಹಾಕಿದ್ದೇನೆ. ಈಗ ಎಲ್ಲರಿಗೂ ಒಂದೇ ಕಾಣುತ್ತದೆ. ಆ ಬಗ್ಗೆ ಚಿಂತೆ ಬೇಡ.

ನಿಮ್ಮ ತಂದೆಯವರನ್ನು ಕಾಣಲು ಬರುತ್ತೇನೆ. ಈ ತಿಂಗಳು ಕೆಲಸ ಹೆಚ್ಚಿದೆ.

ಇತಿ
ವಿಕ್ರಾಂತ


ಅಂಕಲಿ
9 ಅಕ್ಟೋಬರ್ 2024

ವಿಕ್ರಾಂತ ಸರ್,

ನಿಮ್ಮ ಪತ್ರ ಒಂದು ವಾರ ಮೊದಲು ಬಂದಿದ್ದರೆ ಚೆನ್ನಾಗಿತ್ತು.

ನಿಮ್ಮ ದಾರಿ ನೋಡಿ ನೋಡಿ ನಾನೇ ಅಬ್ಬಾನಿಗೆ ಹೇಳಿದ್ದೆ. ನಾನು ಬರೆದದ್ದೇ ಬೇರೆ, ವಸೀಮನಿಗೆ ಕಂಡದ್ದೇ ಬೇರೆ ಎಂದು. ಅಬ್ಬಾ ಅರಳೆ ಹಿಂಜುತ್ತ ಕೂತಿದ್ದರು. ಕೈ ನಿಲ್ಲಿಸಿದರು.

“ಒಂದ ಕಾಗದ ಇಬ್ಬರಿಗೆ ಎರಡ ನಮೂನಿ ಹೆಂಗ ಕಾಣತೈತ್ವಾ?”

“ಕಾಣತೈತಿ ಅಬ್ಬಾ. ತೋರಸ್ತೀನಿ.”

ಅಷ್ಟು ದಿನಗಳಲ್ಲಿ ಅಬ್ಬಾ ಮೊದಲ ಸಲ ನನ್ನ ಪಕ್ಕ ಬಂದು ಕೂತರು. ನನ್ನ ಕಂಪ್ಯೂಟರಿನಲ್ಲಿ ಪುಟ ತೆಗೆದೆ. ಅಮ್ಮಿಯ ಫೋನಿನಲ್ಲೂ ತೆಗೆದು ಅವರ ಕೈಗೆ ಕೊಟ್ಟೆ. ಒಂದು ಸೇತುವೆಯನ್ನು ‘ಬಂದ್’ ಮಾಡಿದೆ. ನೀರಿಲ್ಲದ ಈ ದಿನಗಳಲ್ಲಿ ಅದನ್ನು ಯಾರು ನೋಡುತ್ತಾರೆ. ಅಮ್ಮಿಯ ಫೋನಿನಲ್ಲೂ ‘ಬಂದ್’ ಎಂದೇ ಬಂತು. ಮತ್ತೆ ‘ಚಾಲೂ’ ಮಾಡಿದೆ. ಅಲ್ಲೂ ‘ಚಾಲೂ’. ಮತ್ತೆ ಮತ್ತೆ ಮಾಡಿದೆ. ಅಬ್ಬಾ ಫೋನನ್ನು ಗಾದಿಯ ಮೇಲೆ ಮೆಲ್ಲಗೆ ಇಟ್ಟರು.

“ಸಾಕ ಬಿಡವಾ. ಬರೂಬರಿ ಐತಿ ನಿನ್ನ ಮಷಿನ್.”

ಎದ್ದು ಹೋದರು.

ನೀವು ಅದನ್ನು ಅಂದೇ ಸರಿಪಡಿಸಿದ್ದೀರಿ ಎಂಬುದು ನಿಮ್ಮ ಪತ್ರದಿಂದ ತಿಳಿಯಿತು. ಕೆಟ್ಟದ್ದನ್ನು ಕಂಡ ಕೂಡಲೇ ಸರಿಮಾಡುವುದು ನಿಮ್ಮ ಕಸುಬು. ಅದು ಕೆಟ್ಟಿತ್ತು ಎಂಬುದೇ ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ.

ಈಗ ಅಬ್ಬಾನ ಲೆಕ್ಕದಲ್ಲಿ ನಾನು ತಮ್ಮನನ್ನು ಕಳಿಸಿದವಳು, ಮೇಲೆ ಸುಳ್ಳಿ. ಬನ್ನಿ.

ಮಸರತ


ರಾಯಬಾಗ
10 ನವೆಂಬರ್ 2024

ಮಸರತ ಅವರಿಗೆ,

ಮೊನ್ನೆ ನಿಮ್ಮ ಮನೆಯಿಂದ ಹೊರಟವನು ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ ರಾಯಬಾಗದ ಬಸ್ಸುಗಳನ್ನು ಬಿಟ್ಟುಬಿಟ್ಟು ಕೂತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಪ್ರತಿಯೊಂದರ ಟೇಪಿನಲ್ಲೂ ಬೇರೆ ಹಾಡು. ನಾನು ನಿಮ್ಮ ತಂದೆಯವರ ಕೈಗಳ ಬಗ್ಗೆ ಯೋಚಿಸುತ್ತಿದ್ದೆ. ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ಮಾತಾಡುವಾಗ ಅವರು ಒಂದೊಂದನ್ನೇ ಬಿಡಿಸಿ ತೆಗೆಯುತ್ತಿದ್ದರು.

ನಾನು ಮಾಡಿಕೊಂಡು ಬಂದಿದ್ದ ಪ್ರಯೋಗದ ನಕಲು ಸರಿಯಾಗಿತ್ತು. ಹಾಲಸಿದ್ದನಿಗೂ ಹೇಳಿ: ಏನನ್ನಾದರೂ ಪರೀಕ್ಷಿಸಬೇಕಾದರೆ ಜನ ನೋಡುತ್ತಿರುವ ಸೈಟಿನ ಮೇಲೆ ಪರೀಕ್ಷಿಸಬಾರದು. ಅದರ ಇನ್ನೊಂದು ಪ್ರತಿ ಮಾಡಿ, ಬೇರೆ ವಿಳಾಸದಲ್ಲಿಟ್ಟು, ಅಲ್ಲಿ ಮುರಿದು ನೋಡಬೇಕು. ಆ ಪ್ರತಿಯಲ್ಲಿ ಹಳೆಯ ಪ್ಲಗಿನ್ ಹಳೆಯ ಹಾಗೆಯೇ ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ‘ಬಂದ್’, ಫೋನಿನಲ್ಲಿ ‘ಚಾಲೂ’. ಅವರು ಎರಡನ್ನೂ ನೋಡಿದರು.

“ಇದನ್ನ ಯಾವಾಗ ತಯಾರ ಮಾಡೀರಿ?” ಅಂದರು.

“ನಿನ್ನೆ. ಇದು ಅದರದೇ ನಕಲ್ರಿ.”

“ಗಾದಿ ತೋರಸ್ರಿ ಅಂದ್ರ ದಿಂಬ ತೋರಸಾಕತ್ತೀರಿ ಸಾಹೇಬ್ರ. ನಕಲಿನ್ಯಾಗ ನಾನೂ ಏನ ಬೇಕಾದ್ದ ಬರೀತೀನಿ. ನನ್ನ ಮಗಾ ನೋಡಿದ್ದು ಇದಲ್ಲ. ಅವಾ ನೋಡಿದ ಪುಟದಾಗ ಎರಡ ಕಾಣಲಿ, ನಾ ನನ್ನ ಮಗಳ ಕಾಲ ಹಿಡೀತೀನಿ.”

ಆಮೇಲೆ ಅವರು ಕೇಳಿದ ಇನ್ನೊಂದು ಪ್ರಶ್ನೆ ನಿಮಗೂ ಕೇಳಿಸಿರಬೇಕು. ನೀವು ಬಾಗಿಲಲ್ಲೇ ಇದ್ದಿರಿ. ನಾನು ಕೊಟ್ಟ ಉತ್ತರ ತಾಂತ್ರಿಕವಾಗಿ ತಪ್ಪಲ್ಲ.

ಬ್ಯಾಕಪ್ ಬಗ್ಗೆ ಮುಂದಿನ ಸಲ ಬರೆಯುತ್ತೇನೆ.

ಇತಿ
ವಿಕ್ರಾಂತ


ಅಂಕಲಿ
24 ನವೆಂಬರ್ 2024

ವಿಕ್ರಾಂತ ಸರ್,

ಅಬ್ಬಾ ಕೇಳಿದ್ದು ಇದು: “ಹಂಗ ಎರಡ ಕಾಣೂವಂಗ ಮಾಡಿದವರ ಯಾರು?” ನೀವು ಅಂದದ್ದು: “ಸೈಟಿನ್ಯಾಗ ಹಂಗ ಆಗತಿರತೈತ್ರಿ.”

ಮಳೆ ಆಗುತ್ತಿರುತ್ತದೆ, ನೆಗಡಿ ಆಗುತ್ತಿರುತ್ತದೆ, ಆ ಥರ. ಅಬ್ಬಾ ನಿಮ್ಮನ್ನು ನೋಡಿದರು. ನನ್ನನ್ನು ನೋಡಿದರು. ನಿಮಗೆ ಚಹಾ ತರಿಸಿದರು. ನೀವು ಕುಡಿದಿರಿ.

ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಸೈಟು ಕುಸಿಯಬಾರದು ಎಂದು ನೀವು ಹಾಕಿದ್ದು. ಅದು ಕುಸಿದ ವರ್ಷ ನಾನೇ ನಿಮಗೆ ಫೋನ್ ಮಾಡಿ, ಏನಾದರೂ ಮಾಡಿ ಸರ್, ಜನ ಬೈತಾರ ಅಂದಿದ್ದೆ.

ಒಂದು ದಾರಿ ಇದೆ. ಅಬ್ಬಾ ವಸೀಮ ನೋಡಿದ ಪುಟವೇ ಬೇಕು ಅನ್ನುತ್ತಾರೆ. ಈಗ ಚಳಿಗಾಲ. ಸೇತುವೆಗಳ ಮೇಲೆ ಎಮ್ಮೆಗಳು ಮಲಗಿರುತ್ತವೆ. ನಮ್ಮ ಪುಟ ತೆರೆದು ನೋಡುವವರು ಯಾರೂ ಇಲ್ಲ. ನಿಜವಾದ ಸೈಟಿನಲ್ಲೇ ಆ ಪ್ಲಗಿನ್ನನ್ನು ಸ್ವಲ್ಪ ಹೊತ್ತು ಮತ್ತೆ ಹಾಕಿ. ಅಬ್ಬಾನಿಗೆ ತೋರಿಸುತ್ತೇನೆ. ತೋರಿಸಿ ಆದ ಮೇಲೆ ತೆಗೆದುಬಿಡಿ. ನಾನೇ ಮಾಡುತ್ತಿದ್ದೆ. ಆದರೆ ನನ್ನ ಲಾಗಿನ್ನಿನಲ್ಲಿ ಬರೆಯುವುದಷ್ಟೇ ಬರುತ್ತದೆ, ಪ್ಲಗಿನ್ ಮುಟ್ಟಲು ಬರುವುದಿಲ್ಲ. ಯಾರಿಗೆ ಎಷ್ಟು ಕೆಲಸವೋ ಅಷ್ಟೇ ಅಧಿಕಾರ ಕೊಡಬೇಕು, ಅದು ಸುರಕ್ಷಿತ ಎಂದು ನೀವೇ ಹಾಗೆ ಮಾಡಿಟ್ಟಿದ್ದೀರಿ.

ದಿನ ತಿಳಿಸಿ.

ಮಸರತ


ಅಂಕಲಿ
3 ಫೆಬ್ರುವರಿ 2025

ವಿಕ್ರಾಂತ ಸರ್,

ಆಮೇಲೂ ಎರಡು ಪತ್ರ ಹಾಕಿದೆ, ಉತ್ತರ ಬರಲಿಲ್ಲ. ಹಾಲಸಿದ್ದ ರಾಯಬಾಗಕ್ಕೆ ಬಂದಾಗ ನಿಮ್ಮ ಆಫೀಸಿನ ಬಾಗಿಲು ಹಾಕಿತ್ತಂತೆ. ಪಕ್ಕದವರು, “ಅಥಣ್ಯಾಗ ಕೆಲಸಾ ಹಿಡದಾರ, ಬರತಾರ ಹೋಗತಾರ” ಅಂದರಂತೆ.

ದೂಧಗಂಗೆಯಲ್ಲಿ ಈಗ ಮಂಡಿಯಷ್ಟೂ ನೀರಿಲ್ಲ. ಅಷ್ಟೇ ಹೇಳಬೇಕಾಗಿತ್ತು.

ಮಸರತ


ಅಥಣಿ
6 ಜೂನ್ 2025

ಮಸರತ ಅವರಿಗೆ,

ನಿಮ್ಮ ಪತ್ರಗಳು ಎಲ್ಲವೂ ತಲುಪಿವೆ.

ಒಬ್ಬ ಮನುಷ್ಯ ಕಿಟಕಿ ಒರೆಸುತ್ತಾನೆ, ದಿನವೂ ಒರೆಸುತ್ತಾನೆ, ಹೊರಗೆ ನೋಡಬೇಕಾಗಬಾರದು ಎಂಬ ಕಾರಣಕ್ಕೆ. ಚಳಿಗಾಲವಿಡೀ ನಾನು ಇಲ್ಲಿಯ ದ್ರಾಕ್ಷಿ ಬೆಳೆಗಾರರ ಒಂದು ಸೈಟು ಕಟ್ಟಿದೆ. ಬಹಳ ಸ್ವಚ್ಛವಾದ ಕೆಲಸ. ಮಣೂಕದ, ಅಂದರೆ ಒಣದ್ರಾಕ್ಷಿಯ ಚಿತ್ರಗಳು. ಅದನ್ನು ನಂಬಿ ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ.

ಬಳಗದ ಸೈಟಿನ ಹೊಣೆ ಬಿಡುತ್ತಿದ್ದೇನೆ. ಪೂರ್ಣ ಅಧಿಕಾರದ ಲಾಗಿನ್ ಒಂದನ್ನು ನಿಮ್ಮ ಹೆಸರಿಗೆ ಮಾಡಿದ್ದೇನೆ. ಪಾಸ್‌ವರ್ಡ್ ಹೊಂದಿಸುವ ಕೊಂಡಿ ನಿಮ್ಮ ಮೇಲ್‌ಗೆ ಬಂದಿರಬೇಕು. ನನ್ನ ಹೆಸರನ್ನು ನೀವು ತೆಗೆದುಹಾಕಬಹುದು. ತೆಗೆಯುವಾಗ ಅದು ಕೇಳುತ್ತದೆ: ಇವನು ಬರೆದದ್ದನ್ನೆಲ್ಲ ಅಳಿಸಬೇಕೋ, ಬೇರೊಬ್ಬರ ಹೆಸರಿಗೆ ವರ್ಗಾಯಿಸಬೇಕೋ. ಅವಸರದಲ್ಲಿ ಮೊದಲನೆಯದನ್ನು ಒತ್ತಿದರೆ ಸೇತುವೆಗಳ ಪುಟಗಳೇ ಹೋಗಿಬಿಡುತ್ತವೆ. ಎರಡನೆಯದನ್ನು ಒತ್ತಿ. ನನ್ನದೆಲ್ಲ ನಿಮ್ಮ ಹೆಸರಿಗೆ ಬರುತ್ತದೆ.

ಉಳಿದ ಸೂಚನೆಗಳು. ಅಪ್‌ಡೇಟ್‌ಗಳನ್ನು ಎಲ್ಲ ಒಟ್ಟಿಗೆ ಮಾಡಬೇಡಿ. ಒಂದನ್ನು ಮಾಡಿ, ನೋಡಿ, ಆಮೇಲೆ ಇನ್ನೊಂದು. ಇಲ್ಲದಿದ್ದರೆ ಯಾವುದರಿಂದ ಕೆಟ್ಟಿತು ಎಂಬುದು ಎಂದಿಗೂ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಮಾಡಲೇಬೇಡಿ, ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಈ ವರ್ಷದ್ದು ನಾನು ಮುಗಿಸಿದ್ದೇನೆ. ಸೈಟಿಗೆ ರೂಪ ಕೊಡುವ ಥೀಮಿನ ಮೂಲ ಕಡತಗಳನ್ನು ತಿದ್ದಬೇಡಿ, ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಯನ್ನು ನುಂಗುತ್ತದೆ. ಬ್ಯಾಕಪ್ಪನ್ನು ಸೈಟು ಇರುವಲ್ಲೇ ಇಡಬೇಡಿ. ಮನೆಗೆ ಬೆಂಕಿ ಬಿದ್ದಾಗ ಬೀರುವಿನ ಕೀಲಿ ಬೀರುವಿನಲ್ಲೇ ಇದ್ದಂತೆ ಆಗುತ್ತದೆ. ಮತ್ತು ವರ್ಷಕ್ಕೊಮ್ಮೆಯಾದರೂ ಬ್ಯಾಕಪ್ಪಿನಿಂದ ಸೈಟನ್ನು ಮತ್ತೆ ಎಬ್ಬಿಸಿ ನೋಡಿ. ಎಬ್ಬಿಸಿ ನೋಡದ ಬ್ಯಾಕಪ್ ಬರೀ ನಂಬಿಕೆ.

ಆ ಪ್ಲಗಿನ್ ಎಲ್ಲಿ ಸಿಗುತ್ತದೆ, ಹೇಗೆ ಹಾಕುವುದು ಎಂಬುದನ್ನೂ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಇನ್ನು ನೀವು ನನ್ನನ್ನು ಕೇಳಬೇಕಾಗಿಲ್ಲ.

ಇತಿ
ವಿಕ್ರಾಂತ


ಅಂಕಲಿ
1 ಜುಲೈ 2025

ವಿಕ್ರಾಂತ ಸರ್,

ನಿಮ್ಮ ಕೀಲಿ ಮಳೆಯ ಜೊತೆಗೇ ಬಂತು.

ನಾನು ಅಬ್ಬಾನಿಗೆ ಹೇಳಿದೆ, ಈಗ ನಿಜವಾದ ಪುಟದಲ್ಲೇ ತೋರಿಸಬಲ್ಲೆ, ನನಗೆ ಅಧಿಕಾರ ಬಂದಿದೆ ಎಂದು. ಕಳೆದ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದವರು ಟೋಪಿ ತೆಗೆಯದೆ ನೇರ ನನ್ನ ಅಂಗಡಿಗೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತರು.

“ತೋರಸು.”

ಉರ್ದುವಿನಲ್ಲಿ ಅಂದರು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಹೊರಗೆ ಹನಿಯುತ್ತಿತ್ತು. ಘಟ್ಟದಲ್ಲಿ ಜೋರು ಮಳೆಯಂತೆ. ಬೆಳಗಿನಿಂದ ಬಳಗದವರ ಫೋನು ಬರುತ್ತಲೇ ಇತ್ತು. ಎರಡು ಸೇತುವೆ ಆಗಲೇ ಬಂದ್. ಉಳಿದವು ಸಂಜೆಯೊಳಗೆ ಎನ್ನುತ್ತಿದ್ದರು. ಪುಟದ ಮೂಲೆಯಲ್ಲಿ ಈಗ ಎಷ್ಟು ಜನ ನೋಡುತ್ತಿದ್ದಾರೆ ಎಂಬುದು ಕಾಣುವ ಹಾಗೆ ಹಾಲಸಿದ್ದ ಮಾಡಿದ್ದಾನೆ. ಆ ಸಂಖ್ಯೆ ಏರುತ್ತಿತ್ತು. ಯಾರು ಯಾರೋ. ಮಗ್ಗದವರು, ಹಾಲಿನ ಗಾಡಿಯವರು, ಶಾಲೆಯಿಂದ ಮಕ್ಕಳನ್ನು ಕರೆತರುವವರು. ಒಂದೊಂದು ಸಂಖ್ಯೆಯ ಹಿಂದೆ ಒಂದು ಗಾಡಿ ನಿಂತಿರುತ್ತದೆ, ನೀರಿನ ಎದುರಿಗೆ.

ನನ್ನ ಫೋನನ್ನು ಅಬ್ಬಾನ ಕೈಗೆ ಕೊಟ್ಟು ಪ್ಲಗಿನ್ ಹಾಕಿದೆ. ಇನ್ನು ‘ಸಕ್ರಿಯಗೊಳಿಸು’ ಒತ್ತಬೇಕು, ಒಂದು ಸೇತುವೆಯನ್ನು ಬದಲಿಸಬೇಕು, ಅಬ್ಬಾನ ಕೈಯಲ್ಲಿದ್ದ ಫೋನಿನಲ್ಲಿ ಹಳೆಯದೇ ಉಳಿದದ್ದನ್ನು ತೋರಿಸಬೇಕು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಗುವ ಕೆಲಸ. ಆದರೆ ಅಷ್ಟರಲ್ಲಿ ನೋಡಿದವನಿಗೂ ಹಳೆಯದೇ ಕಾಣುತ್ತದೆ.

ನನ್ನ ಬೆರಳು ಅಲ್ಲೇ ಇತ್ತು.

“ಯಾಕ ನಿಂತಿ?”

“ಮಂದಿ ನೋಡಾಕತ್ತಾರ ಅಬ್ಬಾ.”

“ನೋಡಲಿ. ನಾನೂ ನೋಡಾಕ ಬಂದೀನಿ.”

“ಮಳಿ ಮುಗೀಲಿ ಅಬ್ಬಾ. ಮುಗದ ಮ್ಯಾಲ ಖರೇನ ತೋರಸ್ತೀನಿ.”

ಅಬ್ಬಾ ಫೋನನ್ನು ನೋಡಿದರು. ಆಮೇಲೆ ಅದನ್ನು ತಮ್ಮ ಜುಬ್ಬಾದ ತುದಿಯಿಂದ ಒರೆಸಿ ನನ್ನ ಮುಂದೆ ಇಟ್ಟರು.

“ಮಳಿ ಮುಗದ ಮ್ಯಾಲ ಎಲ್ಲಾರಿಗೂ ಎಲ್ಲಾ ಕಾಣತೈತ್ವಾ.”

ಈ ಮಾತು ಮತ್ತೆ ಕನ್ನಡದಲ್ಲಿ.

ನಿನ್ನೆ ಅವರು ಮಿರಜಿನ ದೊಡ್ಡಕ್ಕನ ಮನೆಗೆ ಹೋದರು. ಅಮ್ಮಿಯನ್ನೂ ಕರೆದುಕೊಂಡು. ಗಾದಿ ಅಂಗಡಿಯ ಷಟರ್ ಎಳೆದಿದ್ದಾರೆ. ಯಾವಾಗ ಬರುತ್ತೀರಿ ಎಂದು ನಾನು ಕೇಳಲಿಲ್ಲ. ಬಸ್ಸು ಹತ್ತುವ ಮೊದಲು ಅಮ್ಮಿ ಮಾತ್ರ ಹಿಂದೆ ತಿರುಗಿ, ಯಾವ ದಾರಿ ಚಾಲೂ ಇದೆ ಎಂದು ನನ್ನನ್ನು ಕೇಳಿದಳು. ಹೇಳಿದೆ. ಅಬ್ಬಾ ಕಂಡಕ್ಟರನನ್ನು ಕೇಳಿದರು.

ಆ ಪ್ಲಗಿನ್ನನ್ನು ಬುಡಸಹಿತ ಅಳಿಸಿದ್ದೇನೆ. ಬಳಸದ್ದನ್ನು ಸುಮ್ಮನೆ ಆಫ್ ಮಾಡಿಟ್ಟರೆ ಸಾಲದು, ತೆಗೆದೇ ಹಾಕಬೇಕು ಎಂದು ನಿಮ್ಮ ಹಾಳೆಯಲ್ಲಿತ್ತು. ನಿಮ್ಮ ಹೆಸರನ್ನು ತೆಗೆದಿಲ್ಲ. ನಿಮ್ಮದೆಲ್ಲ ನನ್ನ ಹೆಸರಿಗೆ ಬರುವುದು ನನಗೆ ಬೇಡ.

ಇಂದೂ ಪುಟ ಬರೆದಿದ್ದೇನೆ. ಲಾಗೌಟ್ ಆಗಿ ನೋಡಿದ್ದೇನೆ. ಹಾಲಸಿದ್ದನ ಫೋನಿನಲ್ಲೂ ನೋಡಿದ್ದೇನೆ. ಸರಿಯಾಗಿದೆ.

ಮಸರತ

ತಾ.ಕ.: ಒಂದು ವರ್ಷ ನಾನು ನಿಮ್ಮ ಹಿಂದೆ, ಅಬ್ಬಾನ ಹಿಂದೆ ಓಡಿದೆ ಸರ್. ಮಲಕಾರಿ ಹೇಳಿದ ಮಾತಿನ ಹತ್ತಿರ ಮಾತ್ರ ಹೋಗಲಿಲ್ಲ. ದಂಡೆಯ ಮೇಲೆ ಹುಟ್ಟಿ ಬೆಳೆದವನು ವಸೀಮ. ಬಣ್ಣ ನೋಡಿಯೇ ನೀರಿನ ಆಳ ಹೇಳುತ್ತಿದ್ದ. ಚಿಕ್ಕವನಿದ್ದಾಗ ನಾನು ಊಟಕ್ಕೆ ಕರೆದರೂ ನಂಬದೆ, ಒಳಗೆ ಬಂದು ಪಾತ್ರೆ ಎತ್ತಿ ನೋಡುತ್ತಿದ್ದ. ವಸೀಮ, ನೀರು ನಿನ್ನ ಕಣ್ಣೆದುರೇ ಇತ್ತಲ್ಲೋ, ಅದೊಂದು ದಿನ ನನ್ನ ಮಾತನ್ನು ಯಾಕೆ ನಂಬಿದೆ?